ಎರಡನೆಯ ಕಾರಿನ ಲೆಕ್ಕ

ತಂಗಿಯ ಮಗನ ಗೃಹಪ್ರವೇಶಕ್ಕೆ ಹೋಗಿದ್ದಾಗ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಹೋಳಿಗೆ ಮುರಿಯುತ್ತ ಕೇಳಿದ: “ಸಾರ್, ಒಂದು ಹಳೇ ಕಾರು ಸರಿಮಾಡೋದಕ್ಕೆ ಎಷ್ಟು ಖರ್ಚಾಗುತ್ತೆ?” ನಾನು ಯೋಚಿಸದೆಯೇ, “ಇನ್ನೊಂದು ಹಳೇ ಕಾರು ಖರ್ಚಾಗುತ್ತಪ್ಪಾ” ಎಂದುಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಮಲಗಿದ ಮೇಲೆ, ಅದು ನಕ್ಕು ಮುಗಿಸುವ ಮಾತಲ್ಲವೆನಿಸಿತು. ನನ್ನ ಹೆರಾಲ್ಡ್ ಕಾರನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ; ಕೆಲವರು ಅದರಲ್ಲಿ ಕುಳಿತು ಚಾಮುಂಡಿ ಬೆಟ್ಟಕ್ಕೂ ಬಂದಿದ್ದೀರಿ. ಆ ಕಾರಿನ ಕಥೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಅದಕ್ಕಾಗಿ ಖರ್ಚಾದ ಎರಡನೆಯ ಕಾರಿನ ಕಥೆಯನ್ನು ಮಾತ್ರ ನಿಮ್ಮಲ್ಲಿ ಯಾರಿಗೂ ಹೇಳಿಲ್ಲ.

ಮೊದಲು ಹೆರಾಲ್ಡ್ ಮೋಹ ನನಗೆ ಅಂಟಿದ ಬಗೆಯನ್ನು ತಿಳಿಸಬೇಕು. 1965ರ ಸುಮಾರಿನಲ್ಲಿ ನಮ್ಮ ತಂದೆಯವರು ಅರಸೀಕೆರೆಯಲ್ಲಿ ಒಬ್ಬ ವೈದ್ಯರ ಬಳಿ ಕಾಂಪೌಂಡರ್ ಆಗಿದ್ದರು. ಡಾಕ್ಟರರಲ್ಲಿ ನೀಲಿ ಬಣ್ಣದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಹಳ್ಳಿಗೆ ಹೋಗಿ ರಾತ್ರಿ ಹಿಂದಿರುಗಿದಾಗ ಅದು ಕೆಮ್ಮಿ ನಿಂತರೆ ತಂದೆಯವರಿಗೂ ನನಗೂ ಕರೆ ಬರುತ್ತಿತ್ತು. ತಂದೆಯವರು ಪಾನಾ ಪೆಟ್ಟಿಗೆ ಹೊರುವವರು, ನಾನು ಬ್ಯಾಟರಿ ಹಿಡಿಯುವವನು. ಆ ಕಾರಿನ ಬಾನೆಟ್ಟು ಬೇರೆ ಕಾರುಗಳಂತೆ ಮುಚ್ಚಳವಾಗಿರಲಿಲ್ಲ. ಎರಡು ಬದಿಯ ಕೊಂಡಿ ಕಳಚಿ ಎತ್ತಿದರೆ ಮಡ್‌ಗಾರ್ಡು, ದೀಪಗಳ ಸಮೇತ ಇಡೀ ಮುಖವೇ ಮೊಸಳೆ ಬಾಯಿ ತೆರೆದಂತೆ ಮುಂದಕ್ಕೆ ಬಾಗುತ್ತಿತ್ತು. ಇಂಜಿನ್ನು, ಚಕ್ರ, ಸ್ಪ್ರಿಂಗು ಎಲ್ಲವೂ ಬಯಲಾಗುತ್ತಿದ್ದವು. ಡಾಕ್ಟರರು ಮುಂದಿನ ಟೈರಿನ ಮೇಲೆಯೇ ಕುಳಿತು, ರೋಗಿಯನ್ನು ಪರೀಕ್ಷಿಸುವ ಗಾಂಭೀರ್ಯದಿಂದ ಕೆಲಸ ಮಾಡುತ್ತಿದ್ದರು. ಯಾವುದೂ ಮುಚ್ಚುಮರೆಯಿಲ್ಲದ ಆ ಯಂತ್ರವನ್ನು ನೋಡಿಯೇ ನಾನು ಮುಂದೆ ವಿಜ್ಞಾನ ಮತ್ತು ಗಣಿತದ ಮೇಷ್ಟ್ರಾದೆನೆಂದರೆ ಪೂರ್ತಿ ಸುಳ್ಳಾಗಲಾರದು.

ಈ ಕಾರಿನ ಮೂಲ ಇಂಗ್ಲೆಂಡಿನ ಕವೆಂಟ್ರಿ ಪಟ್ಟಣ. ಅಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದಿತು. ರೂಪ ಕೊಟ್ಟವರು ಇಟಲಿಯ ವಿನ್ಯಾಸಕ ಜಿಯೊವಾನಿ ಮಿಕೆಲೊಟ್ಟಿ. ಆ ಕಂಪನಿಗೆ ಕವಚ ಒತ್ತಿಕೊಡುತ್ತಿದ್ದ ಕಾರ್ಖಾನೆಯನ್ನು ಪ್ರತಿಸ್ಪರ್ಧಿಗಳು ಕೊಂಡುಬಿಟ್ಟಿದ್ದರು. ಆದ್ದರಿಂದ ಕವಚವನ್ನು ಸಣ್ಣ ತುಂಡುಗಳಾಗಿ ಬೇರೆ ಬೇರೆ ಕಡೆ ಮಾಡಿಸಿ, ಪ್ರತ್ಯೇಕವಾದ ಛಾಸಿಯ ಮೇಲೆ ಬೋಲ್ಟು ಹಾಕಿ ಜೋಡಿಸುವ ಉಪಾಯ ಹೂಡಿದರು. ಅವರ ಕಷ್ಟ ನಮ್ಮಂಥವರಿಗೆ ವರವಾಯಿತು. ಒಂದು ಹೆರಾಲ್ಡಿನ ಮುಂಭಾಗವನ್ನು ಬಿಚ್ಚಿ ಇನ್ನೊಂದಕ್ಕೆ ತೊಡಿಸಬಹುದು. ಭಾರತದಲ್ಲಿ 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಇದನ್ನು ತಯಾರಿಸಿತು. 948 ಸಿ.ಸಿ.ಯ ಪುಟ್ಟ ಇಂಜಿನ್ನು. ತಿರುಗಲು ಬೇಕಾದ ಜಾಗ ಕೇವಲ 25 ಅಡಿ ಸುತ್ತು. ಓಣಿಯಲ್ಲಿ ಅಂಬಾಸಿಡರ್ ಮೂರು ಸಲ ಹಿಂದೆ ಮುಂದೆ ಹೋಗುವಲ್ಲಿ ಇದು ಒಂದೇ ಸಲಕ್ಕೆ ಹೊರಳುತ್ತದೆ. ಅಂಬಾಸಿಡರು, ಫಿಯೆಟ್ಟುಗಳಷ್ಟು ಸಂಖ್ಯೆಯಲ್ಲಿ ಹೆರಾಲ್ಡ್ ಎಂದೂ ಇರಲಿಲ್ಲ. ಹಾಗಾಗಿ ಬಿಡಿಭಾಗಕ್ಕೆ ಬರ.

ನಾನು 2014ರಲ್ಲಿ ನಿವೃತ್ತನಾದೆ. ಮರುವರ್ಷ ಕುಂದಾಪುರದ ಕಡೆಯಿಂದ 1967ರ ಒಂದು ಹೆರಾಲ್ಡನ್ನು 45,000 ರೂಪಾಯಿಗೆ ಕೊಂಡು ಲಾರಿಯಲ್ಲಿ ಮೈಸೂರಿಗೆ ತರಿಸಿದೆ. ಹೆಂಡತಿ ಅದನ್ನು ನೋಡಿ, “ಇದಕ್ಕೆ ಲಾರಿ ಬಾಡಿಗೆ ಬೇರೆ ಕೊಟ್ಟಿರಾ?” ಎಂದಷ್ಟೇ ಕೇಳಿ ಒಳಗೆ ಹೋದಳು. ಕಡಲ ತೀರದ ಉಪ್ಪುಗಾಳಿಗೆ ಕಾಲಿಡುವ ತಗಡೆಲ್ಲ ಹಪ್ಪಳವಾಗಿತ್ತು. ಆದರೆ ಅದರ ಬಣ್ಣ ನೀಲಿ, ನಮ್ಮ ಡಾಕ್ಟರರ ಕಾರಿನದೇ ನೀಲಿ. ನನಗೆ ಬೇರೇನೂ ಕಾಣಿಸಲಿಲ್ಲ.

ರಿಪೇರಿಗೆ ಸಿಕ್ಕವನು ನನ್ನ ಶಿಷ್ಯನೇ. ಹೆಸರು ಬರೆಯಬೇಡಿ ಸಾರ್ ಎಂದಿದ್ದಾನೆ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಎರಡು ಬಾರಿ ನಪಾಸಾಗಿ, ಗ್ಯಾರೇಜು ಸೇರಿ, ಈಗ ಸ್ವಂತ ಗ್ಯಾರೇಜು ಇಟ್ಟು ನಾಲ್ಕು ಜನಕ್ಕೆ ಅನ್ನ ಹಾಕುತ್ತಿದ್ದಾನೆ. ಭಾನುವಾರಗಳಂದು ಮಾತ್ರ ನನ್ನ ಕಾರಿನ ಕೆಲಸ. ಕೂಲಿ ಕೊಡಹೋದರೆ, “ಪಾಸು ಮಾಡಿಸಿದ್ರೆ ತಗೋತಿದ್ದೆ ಸಾರ್” ಎಂದು ನಗುತ್ತಿದ್ದ.

ಮುಂದಿನ ಎರಡು ವರ್ಷಗಳಲ್ಲಿ ನಾನು ಹೊಸದೊಂದು ಲೋಕವನ್ನು ಕಂಡೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ‘ಹೆರಾಲ್ಡ್’ ಎಂದೊಡನೆ ಹುಡುಗರು ಒಳಗಿನ ಮುದುಕರನ್ನು ಕರೆಯುತ್ತಿದ್ದರು. ಕಾರು ಹುಟ್ಟಿದ್ದು ಮದರಾಸಿನಲ್ಲಾದ್ದರಿಂದ ಅಲ್ಲಿಯೇ ಸಿಗಬಹುದೆಂದು ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈನ ಪುದುಪೇಟೆಗೆ ಹೋದೆವು. ಬಿಚ್ಚಿದ ವಾಹನಗಳ ಭಾಗಗಳೇ ಬೀದಿಯುದ್ದಕ್ಕೂ ಗೋಡೆಯಾಗಿರುವ ಊರು ಅದು: ಒಂದು ಅಂಗಡಿಯಲ್ಲಿ ಬಾಗಿಲುಗಳು ಮಾತ್ರ, ಇನ್ನೊಂದರಲ್ಲಿ ಗೇರುಪೆಟ್ಟಿಗೆಗಳು ಮಾತ್ರ. ನಮಗೆ ಎರಡು ಹಬ್‌ಕ್ಯಾಪ್ ಬೇಕಿತ್ತು, ಅಂಗಡಿಯವನು ನಾಲ್ಕನ್ನೂ ಒಟ್ಟಿಗೆ ಕೊಂಡರೆ ಮಾತ್ರ ಕೊಡುತ್ತೇನೆಂದ. ಉಳಿದ ಎರಡು ಮಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಹೋದವು. ಅವರು ಪ್ರತಿಯಾಗಿ ಗಾಜು ಏರಿಸುವ ಹಿಡಿಯೊಂದನ್ನೂ ಬಾಗಿಲ ರಬ್ಬರನ್ನೂ ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿದರು. ಹೀಗೆ ಆರಂಭವಾಯಿತು ನನ್ನ ವ್ಯಾಪಾರ. ಅದನ್ನು ವ್ಯಾಪಾರವೆನ್ನಲು ಆಗ ಮನಸ್ಸು ಬರುತ್ತಿರಲಿಲ್ಲ. ಹಣಕ್ಕಿಂತ ಹೆಚ್ಚಾಗಿ ವಸ್ತುವಿಗೆ ವಸ್ತು, ಮಾತಿಗೆ ಮಾತು. ಬಿರುಕಿದ್ದರೆ ಬಿರುಕಿದೆ, ಬೆಸುಗೆ ಹಾಕಿದ್ದರೆ ಹಾಕಿದೆ ಎಂದು ಮೊದಲೇ ಹೇಳಬೇಕು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಈ ಬಳಗದಲ್ಲಿ ಯಾರೂ ಒಂದು ನಟ್ಟನ್ನೂ ಕಳಿಸುವುದಿಲ್ಲ.

ಸುಳ್ಳಿಲ್ಲದೆಯೂ ಮೋಸಹೋಗುವುದುಂಟು. 948 ಎಂಬ ಒಂದೇ ಸಂಖ್ಯೆಯನ್ನು ನಂಬಿ ನಾನೊಮ್ಮೆ ಹೆಡ್ ಗ್ಯಾಸ್ಕೆಟ್ ತರಿಸಿದೆ. ಬಂದದ್ದು ಮಾರಿಸ್ ಮೈನರ್ ಕಾರಿನದು. ಅದರ ಇಂಜಿನ್ನೂ 948 ಸಿ.ಸಿ.ಯದೇ, ಆದರೆ ಎರಡಕ್ಕೂ ಸಂಬಂಧವೇ ಇಲ್ಲ. ಗಣಿತದ ಮೇಷ್ಟ್ರು ಅಂಕಿಯನ್ನು ನಂಬಿ ಕೆಟ್ಟರು ಎಂದು ಗ್ಯಾರೇಜಿನಲ್ಲಿ ಒಂದು ವಾರ ನಗೆ.

2016ರ ಕೊನೆಗೆ ಕಾರು ಓಡಲಾರಂಭಿಸಿತು. ಒಂದು ಸಂಜೆ ನಮ್ಮ ಬೀದಿಯ ತಿರುವಿನಲ್ಲಿ ನಿಧಾನವಾಗಿ ಹೊರಳಿಸುತ್ತಿರುವಾಗ ಲಟ್ಟೆಂಬ ಸದ್ದಾಯಿತು. ಎಡ ಮುಂಚಕ್ರ ಮಡಚಿಕೊಂಡು ಕಾರು ಮಂಡಿಯೂರಿತು. ರಿಂಗ್ ರೋಡಿನಲ್ಲಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಹೆರಾಲ್ಡಿನ ಮುಂಚಕ್ರವನ್ನು ಹೊತ್ತ ಉಕ್ಕಿನ ಕಂಬದ ತುದಿಯಲ್ಲಿ ತಿರುಪು ಇರುತ್ತದೆ. ಅದು ಟ್ರನಿಯನ್ ಎಂಬ ಕಂಚಿನ ದಿಮ್ಮಿಯೊಳಗೆ ಕೂತು, ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ತಾನೂ ತಿರುಗುತ್ತದೆ. ಅದಕ್ಕೆ ಗೇರ್ ಆಯಿಲ್ ತುಂಬಬೇಕು. ಗ್ರೀಸು ತುಂಬಿದರೆ ಅದು ತಿರುಪಿನ ಆಳಕ್ಕೆ ಇಳಿಯದೆ ಗಟ್ಟಿಯಾಗಿ, ಒಳಗೆ ಲೋಹ ಒಣಗಿ ಸವೆದು, ಕೊನೆಗೆ ಕಂಬವೇ ಮುರಿಯುತ್ತದೆ. ಹಿಂದಿನವರು ವರ್ಷಗಟ್ಟಲೆ ಗ್ರೀಸು ತುಂಬಿದ್ದರು. ನಾವೂ ಭಕ್ತಿಯಿಂದ ಇನ್ನಷ್ಟು ತುಂಬಿದ್ದೆವು.

ಪುದುಪೇಟೆಯಿಂದ ಬದಲಿ ಕಂಬ, ದಿಮ್ಮಿಗಳನ್ನು ತರಿಸಿದೆವು. ಬಲಗಡೆಯವು ಬಂದವು. ಎಡಕ್ಕೂ ಬಲಕ್ಕೂ ತಿರುಪಿನ ದಿಕ್ಕು ಬೇರೆ. ಒಂದರದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಎಡಗಡೆಯದು ತಿಂಗಳುಗಟ್ಟಲೆ ಹುಡುಕಿದರೂ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಹೊಸದೇ ಸಿಗುತ್ತದೆ, ಆದರೆ ಪೌಂಡಿನ ಬೆಲೆ, ಸಾಗಣೆ, ಸುಂಕಗಳನ್ನು ಕೂಡಿಸಿದಾಗ ನನ್ನ ಪಿಂಚಣಿ ಕಣ್ಣುಮುಚ್ಚಿಕೊಂಡಿತು. ಆಗ, 2017ರಲ್ಲಿ, ಕಡೂರಿನ ಕಡೆ ಒಂದು ಹಳ್ಳಿಯಲ್ಲಿ ಹೆರಾಲ್ಡೊಂದು ನಿಂತಿದೆಯೆಂಬ ಸುದ್ದಿ ಬಂತು.

ನಾನೂ ಶಿಷ್ಯನೂ ಹೋದೆವು. ತೆಂಗಿನ ತೋಟದ ಅಂಚಿನ ಕೊಟ್ಟಿಗೆಯಲ್ಲಿ, ಸೋಗೆ ಮತ್ತು ತೆಂಗಿನ ಮಟ್ಟೆಗಳ ರಾಶಿಯ ಕೆಳಗೆ, ಕೆನೆಬಣ್ಣದ 1966ರ ಕಾರು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಮನೆಯಲ್ಲಿದ್ದವರು ಎಂಬತ್ತರ ಹತ್ತಿರದ ಒಬ್ಬ ತಾಯಿ. ಅವರ ಯಜಮಾನರು ಪಶುವೈದ್ಯರಾಗಿದ್ದವರು, 2003ರಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಕಾರು ಕದಲಿರಲಿಲ್ಲ.

“ಗುಜರಿಯೋರು ವರ್ಷಕ್ಕೆರಡು ಸಲ ಬರ್ತಾರೆ. ಬಿಚ್ಚಿ ಮಾರೋರಿಗೆ ನಾನು ಕೊಡಲ್ಲ” ಎಂದರು ಕಾಫಿ ಕೊಡುತ್ತ. “ನೀವು ಮೇಷ್ಟ್ರು ಅಂದರಲ್ಲ. ಮತ್ತೆ ಓಡಿಸ್ತೀರಾ?”

ನನ್ನ ಜೇಬಿನಲ್ಲಿ ಬಿಚ್ಚಬೇಕಾದ ಭಾಗಗಳ ಪಟ್ಟಿ ಮಡಚಿಕೊಂಡಿತ್ತು.

“ಓಡಿಸ್ತೀವಮ್ಮ” ಎಂದೆ.

ತರಗತಿಯಲ್ಲಿ ಸುಳ್ಳು ಹೇಳಿದವರನ್ನು ನಾನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದುದು ನಿಮಗೆಲ್ಲ ನೆನಪಿರಬಹುದು. ಹಾಗೆ ನಿಂತವರಲ್ಲೊಬ್ಬ ಅಂದು ನನ್ನ ಪಕ್ಕದಲ್ಲೇ ಕುಳಿತಿದ್ದ. ಅವನು ಕಾಫಿ ಲೋಟದಿಂದ ತಲೆಯೆತ್ತಲಿಲ್ಲ.

ಆಕೆ 15,000 ರೂಪಾಯಿ ಹೇಳಿದರು. ನಾನು ಚೌಕಾಸಿ ಮಾಡಲಿಲ್ಲ. ಅದೊಂದು ದೊಡ್ಡ ಔದಾರ್ಯವೆಂದು ಆಗ ನನಗನಿಸಿತ್ತು.

ಕಾರನ್ನು ಮೈಸೂರಿಗೆ ತಂದು ನೀರು ಹಾಯಿಸಿ ತೊಳೆದ ಮೇಲೆ ಶಿಷ್ಯ ಅದರಡಿಗೆ ನುಸುಳಿ, ಪಾನಾದಿಂದ ಛಾಸಿಯನ್ನು ಉದ್ದಕ್ಕೂ ತಟ್ಟಿದ. ಟಣ್ ಟಣ್ ಎಂದು ಗಂಟೆಯಂತೆ ನುಡಿಯಿತು. ಕಡೂರಿನದು ಒಣಸೀಮೆ, ತುಕ್ಕು ಹಿಡಿದಿರಲಿಲ್ಲ. ಅವನು ಹೊರಬಂದು ಕೈ ಒರೆಸಿಕೊಳ್ಳುತ್ತ, “ಸಾರ್, ಇದು ನಮ್ಮ ಗಾಡಿಗಿಂತ ಚೆನ್ನಾಗಿದೆ. ನಮ್ಮದನ್ನೇ ಬಿಚ್ಚಿ ಇದನ್ನ ನಿಲ್ಲಿಸೋಣ” ಎಂದ.

ನಾನು ಕಾರಣಗಳನ್ನು ಜೋಡಿಸಿದೆ. ನಮ್ಮ ಕಾರಿಗೆ ಎರಡು ವರ್ಷದ ದುಡಿಮೆ, ಮೂರು ಲಕ್ಷಕ್ಕೆ ಸಮೀಪದ ಹಣ ಸುರಿದಾಗಿದೆ. ಈ ಕಾರಿನ ನೋಂದಣಿ ಎಂದೋ ಮುಗಿದಿದೆ, ಆರ್.ಸಿ. ಪುಸ್ತಕ ತೀರಿಕೊಂಡವರ ಹೆಸರಿನಲ್ಲಿದೆ, ಕಚೇರಿಗೆ ಅಲೆಯುವವರು ಯಾರು? ಎಲ್ಲವೂ ನಿಜವೇ. ಅವನು ಎಲ್ಲವನ್ನೂ ಕೇಳಿಸಿಕೊಂಡು, “ಅದಲ್ಲ ಸಾರ್, ಇದು ನೀಲಿ ಇಲ್ಲ, ಅಷ್ಟೇ” ಎಂದ. ಗಣಿತದಲ್ಲಿ ನಪಾಸಾದವನ ಉತ್ತರ ಸರಿಯಾಗಿತ್ತು.

ಬಿಚ್ಚಲು ಮೂರು ಭಾನುವಾರ ಹಿಡಿಯಿತು. ಬೇಕಾಗಿದ್ದ ಎಡಗಡೆಯ ಕಂಬ, ಟ್ರನಿಯನ್ ಸಿಕ್ಕವು. ಬಾಗಿಲೆರಡು, ಬಾನೆಟ್ಟು, ಹಾರ್ನು ಕೂಡ ನಮ್ಮ ಕಾರಿಗೆ ಬಂದವು. ಉಳಿದದ್ದು ಸುದ್ದಿ ಹರಡಿದಂತೆ ಹರಿದುಹೋಯಿತು. ಇಂಜಿನ್ನು ಕೊಯಮತ್ತೂರಿಗೆ, ಹಿಂದಿನ ಅಡ್ಡ ಸ್ಪ್ರಿಂಗು ಮಂಗಳೂರಿಗೆ, ಮುಂಗಾಜು ಪುಣೆಗೆ, ಡೈನಮೊ ಹುಬ್ಬಳ್ಳಿಗೆ. ಛಾಸಿಯನ್ನು ಕೊಳ್ಳುವವರಿರಲಿಲ್ಲ, ಆ ಗಂಟೆಯಂಥ ಛಾಸಿ ಕೊನೆಗೆ ಗುಜರಿಗೇ ಹೋಯಿತು, ತೂಕದ ಲೆಕ್ಕದಲ್ಲಿ. ನಾನು ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ನನಗೆ ಬೇಕಾದದ್ದನ್ನೆಲ್ಲ ಇಟ್ಟುಕೊಂಡ ಮೇಲೂ ಕೈಗೆ ಬಂದದ್ದು 41,500 ರೂಪಾಯಿ. ಹವ್ಯಾಸವೆಂಬ ಮಾತಿನ ಮುಂದೆ ಆ ಅಂಕಿ ಸ್ವಲ್ಪ ವಿಕಾರವಾಗಿಯೇ ಕಾಣುತ್ತಿತ್ತು. ಪುಟ ಮಗುಚಿದೆ.

2018ರ ಆಯುಧಪೂಜೆಯಂದು ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ನೀಲಿ ಹೆರಾಲ್ಡನ್ನು ಹೊರಡಿಸಿದೆವು. ಅಂದಿನ ಭಾವಚಿತ್ರ ನಿಮ್ಮಲ್ಲಿ ಹಲವರ ಬಳಿ ಇದೆ. ಶಿಷ್ಯ ಅದರಲ್ಲಿ ನಗುತ್ತಿಲ್ಲವೆಂಬುದನ್ನು ಗಮನಿಸಿದ್ದೀರೋ ಇಲ್ಲವೋ.

ಮುಂದಿನ ವರ್ಷ ಒಂದು ಬೆಳಿಗ್ಗೆ ದೂರವಾಣಿ ಬಂತು. ಆ ತಾಯಿ ಮೊಮ್ಮಗಳ ಬಾಣಂತನಕ್ಕೆ ಮೈಸೂರಿಗೆ ಬಂದಿದ್ದರು.

“ಮೇಷ್ಟ್ರೇ, ನಮ್ಮ ಕಾರು ಓಡ್ತಾ ಇದೆಯಾ?”

“ಓಡ್ತಾ ಇದೆಯಮ್ಮ.”

“ಹಾಗಿದ್ರೆ ಒಂದ್ಸಲ ತಂದು ತೋರಿಸಿ.”

ಬಣ್ಣ ಬದಲಾಯಿಸಿದ್ದೇವೆಂದರೆ ಮುಗಿಯಿತು, ಅವರಿಗೇನು ತಿಳಿಯುತ್ತದೆ ಎಂಬುದು ನನ್ನ ಲೆಕ್ಕ. ಶಿಷ್ಯನನ್ನು ಜೊತೆಗೆ ಕರೆದೆ. “ನಾನು ಬರಲ್ಲ ಸಾರ್” ಎಂದ. ಅಷ್ಟು ವರ್ಷಗಳಲ್ಲಿ ಅವನು ನನಗೆ ಆಗುವುದಿಲ್ಲವೆಂದದ್ದು ಅದೊಂದೇ ಸಲ.

ಒಂಟಿಕೊಪ್ಪಲಿನ ಆ ಮನೆಯ ಮುಂದೆ ನಿಲ್ಲಿಸಿ, ಗೇಟು ಹಾಕಿದ್ದರಿಂದ ಹಾರ್ನು ಒತ್ತಿದೆ. ಒಳಗಿನಿಂದ ಆಕೆ ಬೇಗ ಬೇಗ ಹೆಜ್ಜೆ ಹಾಕುತ್ತ ಬಂದರು. ಗೇಟಿನ ಚಿಲಕಕ್ಕೆ ಕೈಯಿಟ್ಟ ಮೇಲೆಯೇ ತಲೆಯೆತ್ತಿದ್ದು. ಮೂವತ್ತು ವರ್ಷ ಆ ಸದ್ದಿಗೆ ಗೇಟು ತೆಗೆದವರು.

“ಹಾರ್ನು ನಮ್ಮದು” ಎಂದರು. ಮುಖ ಅರಳಿತ್ತು. ಆಮೇಲೆ ಕಾರನ್ನು ಒಂದು ಸುತ್ತು ಬಂದರು. ಬಾಗಿಲ ಅಂಚನ್ನು ಸವರಿದರು. ಒಳಗೆ ಬಗ್ಗಿ ನೋಡಿದರು. ಆಗ ಹೇಳಿದರು: “ಬಾಗಿಲೂ ನಮ್ಮದೇ. ಕಾರು ನಮ್ಮದಲ್ಲ.”

ನಾನು ಬೀದಿಯಲ್ಲಿಯೇ ನಿಂತು ಎಲ್ಲವನ್ನೂ ಹೇಳಿದೆ. ಜೇಬಿನಲ್ಲಿದ್ದ ಪಟ್ಟಿಯಿಂದ ಹಿಡಿದು ಛಾಸಿಯ ತೂಕದವರೆಗೆ. ಅವರು ಅಳುತ್ತಾರೆ ಅಥವಾ ಬಯ್ಯುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಒಳಗೆ ಕರೆದು, ಕೂರಿಸಿ, ನೀರು ಕೊಟ್ಟು, “ಒಟ್ಟು ಎಷ್ಟು ಬಂತು?” ಎಂದು ಕೇಳಿದರು. ಹೇಳಿದೆ.

“ಗುಜರಿಯೋನು ಇಪ್ಪತ್ತೆರಡು ಸಾವಿರ ಕೊಡ್ತೀನಿ ಅಂದಿದ್ದ. ಓಡಿಸೋರು ಅಂತ ನಿಮಗೆ ಹದಿನೈದಕ್ಕೆ ಕೊಟ್ಟೆ. ಬಿಚ್ಚೋದಕ್ಕೇ ಆದ್ರೆ ಬಿಚ್ಚೋ ರೇಟೇ ಆಗಬೇಕಲ್ಲ ಮೇಷ್ಟ್ರೇ?”

ಅಂದೇ ಮಧ್ಯಾಹ್ನ ಬ್ಯಾಂಕಿನಿಂದ ಹಣ ತಂದು ಕೊಟ್ಟೆ. 41,500ರಲ್ಲಿ ಹದಿನೈದು ಕಳೆದು ಉಳಿದ 26,500 ರೂಪಾಯಿಯನ್ನೂ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಏಳು ಸಾವಿರ ಎಣಿಸಿ ತೆಗೆದುಕೊಂಡು, ಉಳಿದದ್ದನ್ನು ನನ್ನ ಕಡೆ ಸರಿಸಿದರು. “ಅದು ನಿಮ್ಮ ಕೆಲಸದ್ದು. ನನಗೆ ಬೇಡ.” ಇನ್ನಷ್ಟು ಒತ್ತಾಯಿಸಿದಾಗ ಸ್ವಲ್ಪ ಗಡುಸಾಗಿಯೇ, “ಯಾವ್ಯಾವ ಸಾಮಾನು ಯಾವೂರಿಗೆ ಹೋಯ್ತು ಅಂತ ಒಂದು ಕಾಗದದಲ್ಲಿ ಬರೆದುಕೊಡಿ, ಸಾಕು” ಎಂದರು.

ನೋಟುಪುಸ್ತಕದ ಆ ಎರಡು ಪುಟಗಳನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿ ಕೊಟ್ಟೆ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಒಪ್ಪಿಸಿದಂತಾಯಿತು.

ಆಮೇಲೂ ಬಿಡಿಭಾಗಗಳ ಕೊಡುಕೊಳ್ಳುವಿಕೆಯನ್ನು ನಾನು ಬಿಟ್ಟಿಲ್ಲ. ಬಿಟ್ಟೆನೆಂದರೆ ಇನ್ನೊಂದು ಸುಳ್ಳಾದೀತು. ಸವೆದ ಬುಷ್ಷಿಗೆ ಬುಷ್ಷು ಬೇಕೇ ಬೇಕು. ಎಷ್ಟೋ ಕಾರುಗಳು ನಿಜವಾಗಿಯೂ ಎದ್ದು ನಿಲ್ಲುವ ಸ್ಥಿತಿಯಲ್ಲಿರುವುದಿಲ್ಲ. ಅವನ್ನು ಬಿಚ್ಚದಿದ್ದರೆ ಇರುವ ನಾಲ್ಕೂ ಮಣ್ಣುಪಾಲಾಗುತ್ತವೆ. ಎಲ್ಲ ಹಳೆಯ ಕಾರಿಗೂ ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಗುವುದಿಲ್ಲವಷ್ಟೆ. ಆದರೆ ಈಗ ಯಾರ ಕೊಟ್ಟಿಗೆಗೆ ಹೋದರೂ ಪಟ್ಟಿಯನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದೇ ಹೋಗುತ್ತೇನೆ. ಇದರಿಂದ ಎರಡು ಕಾರು ಕೈತಪ್ಪಿವೆ. ಒಂದನ್ನು ಹಾಸನದ ಹುಡುಗನೊಬ್ಬ ಕೊಂಡು ನಿಲ್ಲಿಸಿದ್ದಾನೆ. ಅವನಿಗೆ ಬೇಕಾದ ಸ್ಟೀರಿಂಗ್ ಚಕ್ರ ನನ್ನ ಅಟ್ಟದಿಂದಲೇ ಹೋಯಿತು.

2021ರಲ್ಲಿ ಕೇಂದ್ರ ಸರ್ಕಾರ, ಮೂಲರೂಪದಲ್ಲಿ ಉಳಿದಿರುವ ಐವತ್ತು ವರ್ಷ ಮೀರಿದ ವಾಹನಗಳಿಗಾಗಿಯೇ ನೋಂದಣಿಯ ನಿಯಮಗಳನ್ನು ಹೊರಡಿಸಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಪತ್ರಿಕೆಯಲ್ಲಿ ಅದನ್ನು ಓದಿ ಶಿಷ್ಯನಿಗೆ ತೋರಿಸಿದೆ. ಅವನು ಓದಿ, ಮಡಚಿ, ಏನೂ ಹೇಳದೆ ಹಿಂದಿರುಗಿಸಿದ. 1966ರ ಕೆನೆಬಣ್ಣದ ಕಾರು ಅಷ್ಟು ಹೊತ್ತಿಗೆ ಐವತ್ತೈದು ದಾಟಿರುತ್ತಿತ್ತು.

ಕಳೆದ ದೀಪಾವಳಿಗೆ ಕೊಯಮತ್ತೂರಿನವರು ನನಗೊಂದು ಧ್ವನಿಮುದ್ರಿಕೆ ಕಳಿಸಿದರು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಆ ಇಂಜಿನ್ನನ್ನು ಅವರು ಬೋರು ಮಾಡಿಸಿ, ಹೊಸ ಬೇರಿಂಗ್ ಹಾಕಿ, ತಮ್ಮ ಹೆರಾಲ್ಡಿಗೆ ಕೂರಿಸಿದ್ದರು. ಮೊದಲ ಸಲ ಚಾಲೂ ಮಾಡಿದಾಗಿನ ಸದ್ದು, ಸುಮಾರು ಒಂದು ನಿಮಿಷದ್ದು. ನಾನು ಕಡೂರಿನ ಮನೆಗೆ ಕರೆಮಾಡಿ, ಮೊಮ್ಮಗನ ಕೈಗೆ ಫೋನು ಕೊಡಿಸಿ, ಅದನ್ನು ಕಳಿಸಿದೆ. ಅಜ್ಜಿಯ ಕಿವಿ ಈಗ ಮಂದವಾಗಿದೆ, ಎರಡು ಸಲ ಹಾಕಿಸಿಕೊಂಡು ಕೇಳಿದರು ಎಂದು ಹುಡುಗ ಹೇಳಿದ. ಮೂರನೆಯ ಸಲ ಮುಗಿದ ಮೇಲೆ ಅವರೇ ಫೋನು ತೆಗೆದುಕೊಂಡರು.

“ಮೇಷ್ಟ್ರೇ, ಟ್ಯಾಪೆಟ್ ಸದ್ದು ಜಾಸ್ತಿ ಇದೆ. ಸರಿ ಮಾಡಿಸಿಕೊಳ್ಳೋಕೆ ಹೇಳಿ ಅವರಿಗೆ.”